ಹಗೇವಿನ ಮೊದಲ ಬುಟ್ಟಿ

ಮೊನ್ನೆ ಜೋಳದ ಚೀಲದ ತಳ ಕೊಡವುವಾಗ ಮುಗ್ಗಲು ವಾಸನೆ ಬಂತು. ಕೈ ಅಲ್ಲೇ ನಿಂತಿತು. ನಮ್ಮ ಶಾಲೆಯ ಅಕ್ಕೋರು ನೆನಪಾದರು...

ಅದು ದೊಡ್ಡ ಯುದ್ಧದ ಕಾಲ. ಕುಲಗೋಡದ ಶಾಲೆಯಲ್ಲಿ ಅಕ್ಕೋರು ಕಥೆ ಹೇಳಿಯೇ ನಮಗೆ ಊಟದ ಪಾಠ ಕಲಿಸುತ್ತಿದ್ದರು. ಹತ್ತರಕಿ ಸೊಪ್ಪು ತಿಂದ ಗುಬ್ಬಿ ಹದ್ದನ್ನು ದೂರದಿಂದಲೇ ಕಂಡು ಬದುಕಿತು. ಬರೀ ಬೆಲ್ಲ ನೆಕ್ಕಿದ ಕರಡಿಗೆ ಹಲ್ಲೇ ಉಳಿಯಲಿಲ್ಲ. ನಾವು ಹೆದರುತ್ತಿದ್ದದ್ದು ಮಾತ್ರ ಹಗೇವಿನ ಮುದುಕಿಗೆ. ಜೋಳ ತುಂಬಿಡುವ ಆ ನೆಲಗುಣಿಯ ಬಾಯಿಯ ಕೆಳಗೇ ಅವಳು ಕೂತಿರುತ್ತಾಳಂತೆ. ಅವಳ ಉಸಿರು ತಾಗಿದ ಕಾಳು ಕಪ್ಪಾಗುತ್ತದೆ, ತಿಂದವರನ್ನು ಅವಳು ಒಳಗೆ ಕರೆದುಕೊಳ್ಳುತ್ತಾಳೆ... ಹೇಳುವಾಗ ಅಕ್ಕೋರ ದನಿ ಸಣ್ಣದಾಗುತ್ತಿತ್ತು.

ಆ ವರ್ಷ ಸಂತೆಯಲ್ಲಿ ಜೋಳ ಸಿಗದಾಯಿತು. ಎಲ್ಲರೂ ಹಳೆಯ ಹಗೇವು ತೆಗೆದರು. ಕಪ್ಪು ರೊಟ್ಟಿ ಕಂಡು ನನ್ನ ತಮ್ಮ ಬಾಯಿ ಬಿಗಿದುಕೊಂಡ. ಅಪ್ಪ ನೇರ ಶಾಲೆಗೇ ಬಂದ.

“ನಿಮ್ಮ ಕಥಿ ಕೇಳಿ ಹುಡುಗ ರೊಟ್ಟಿ ಮುಟ್ಟವಲ್ಲರಿ, ಅಕ್ಕೋರ. ಇನ್ನ ಕಥೀನ ರೊಟ್ಟಿ ಬಡದು ಹಾಕೂಣೇನ್ರಿ?”

“ಕಪ್ಪಾದದ್ದು ಬ್ಯಾಡ್ರಿ ಅಣ್ಣಾರ. ನಡುವಿಂದು ಚಲೋ ಇರತೈತಿ, ಆರಿಸಿ ಕೊಡ್ರಿ. ಮ್ಯಾಲಿಂದು ಚೆಲ್ಲಿಬಿಡ್ರಿ.”

ಅಪ್ಪ ಗೊಣಗಿದ. ಆದರೂ ಅವ್ವ ನಮಗೆ ನಡುವಿನ ಕಾಳನ್ನೇ ಆರಿಸಿದಳು. ಆದರೆ ಹಗೇವು ತೆಗೆದಾಗ ಮೊದಲ ಬುಟ್ಟಿ ಕಲಿಸುವವರಿಗೆ ಕೊಡುವುದು ನಮ್ಮೂರ ಪದ್ಧತಿ. ಮೊದಲ ಬುಟ್ಟಿಯೆಂದರೆ ಮೇಲಿನ ಕಾಳು. ಯಾರೂ ಕೇಡು ಬಯಸಿ ಕೊಟ್ಟದ್ದಲ್ಲ. ಮನೆಮನೆಯಿಂದ ಅದೇ ಹೋಯಿತು.

ಮೊದಲೇ ತೆಗೆದಿಟ್ಟಿದ್ದ ನಮ್ಮ ಬುಟ್ಟಿಯನ್ನು ಅವ್ವನೊಂದಿಗೆ ನಾನೇ ಒಯ್ದೆ. “ಒಲ್ಲೆ ಅನಬ್ಯಾಡ್ರಿ ಅಕ್ಕೋರ,” ಅಂದಳು ಅವ್ವ. ಅಕ್ಕೋರು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಪಗಾರ ಬಂದರೂ ಕೊಳ್ಳಲು ಎಲ್ಲಿಯೂ ಕಾಳಿರಲಿಲ್ಲ.

ನಾನು ಮೆಲ್ಲಗೆ ಕೇಳಿದೆ: “ಇದರಾಗ ಮುದುಕಿ ಅದಾಳೇನ್ರಿ?”

“ಇದ್ರ ಇರಲಿ. ಆಕಿಗಿಂತ ನಾ ಹಿರೀಕಿ, ನನಗ ಅಂಜತಾಳ.”

ಆಮೇಲೆ ಅವರು ಆ ಕಥೆ ಹೇಳಲಿಲ್ಲ. ದಿನಾ ಸಂಜೆ ಅವರ ಒಲೆಯ ಹೊಗೆ ಏಳುತ್ತಿತ್ತು. ಪಾಟಿಯ ಮೇಲೆ ಬರೆಯುವಾಗ ಕೈ ನಡುಗತೊಡಗಿತು, ನಿಂತು ಕಲಿಸುವವರು ಕೂತರು... ಒಂದು ಮುಂಜಾನೆ ಅವರನ್ನು ಚಕ್ಕಡಿಯಲ್ಲಿ ಘಟಪ್ರಭೆಯ ದವಾಖಾನೆಗೆ ಒಯ್ದರು. ತಿರುಗಿ ಬರಲಿಲ್ಲ. ಕಾಳಿನಿಂದಲೋ, ಬೇರೆ ಬೇನೆಯಿಂದಲೋ, ಯಾರೂ ಹೇಳಲಿಲ್ಲ. ಅವರ ಪಡಸಾಲೆಯಲ್ಲಿ ಊರವರ ಖಾಲಿ ಬುಟ್ಟಿಗಳನ್ನು ತೊಳೆದು, ಬೋರಲು ಹಾಕಿ, ಹೊಂದಿಸಿಟ್ಟಿದ್ದರು.

ನನ್ನ ತಮ್ಮ ತುಂಬು ಆಯುಷ್ಯ ಬಾಳಿದ. ಕಡೆತನಕ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡದೆ ಮುರಿಯುತ್ತಿರಲಿಲ್ಲ. ಹೋದ ತಿಂಗಳು ಅವನೂ ಹೋದ. ಅಕ್ಕೋರನ್ನು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ.