ಎಂಟನೆಯ ರಾಜ

ನಮ್ಮ ಇತಿಹಾಸದ ಸರ್ ಉಗುರುಗಳಲ್ಲಿ ಸೋಮವಾರ ತಪ್ಪದೆ ಬಣ್ಣ ಅಂಟಿರುತ್ತಿತ್ತು. ಒಮ್ಮೆ ಕೆಂಪು, ಒಮ್ಮೆ ಗಿಣಿಹಸಿರು. ಅವರದು ಗೋಕಾಕದ ಗೊಂಬೆ ಮಾಡುವ ಮನೆತನ. ವಾರವಿಡೀ ಹುಕ್ಕೇರಿಯ ನಮ್ಮ ಹೈಸ್ಕೂಲಿನಲ್ಲಿ ಪಾಠ. ರವಿವಾರ ಊರಿಗೆ ಹೋಗಿ ಅಣ್ಣನ ಜೊತೆ ಕೂತು ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣುಗಳಿಗೆ ಬಣ್ಣ ಬಳಿಯುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆ ವರ್ಷ ಸರ್ ಒಂದು ಆಟ ಹೂಡಿದರು. ದಪ್ಪ ಬಟ್ಟೆಯ ಮೇಲೆ ಬರೆದ ಭಾರತದ ನಕಾಶೆ, ಅದರ ಮೇಲೆ ನಡೆಸಲು ಕಟ್ಟಿಗೆಯಲ್ಲಿ ಕೊರೆದ ಎಂಟು ರಾಜರು. ದಾಳ ಹಾಕಿ ಸೀಮೆ ಗೆಲ್ಲಬೇಕು. ಪ್ರತಿ ರಾಜನಿಗೂ ಬೇರೆಯವರಿಗಿಲ್ಲದ ಒಂದು ಶಕ್ತಿ. ಆದರೆ ಆ ಎಂಟು ಮಂದಿ ಯಾರೆಂಬುದನ್ನು ನಾವೇ ಆರಿಸಬೇಕಿತ್ತು. ಎದ್ದು ನಿಂತು ನಮ್ಮ ರಾಜನ ಪರವಾಗಿ ವಾದಿಸಬೇಕು. ಯಾರಾದರೂ ಯುದ್ಧಗಳ ಪಟ್ಟಿ ಒಪ್ಪಿಸತೊಡಗಿದರೆ ಸರ್ ಕೈ ಎತ್ತಿ ತಡೆಯುತ್ತಿದ್ದರು. "ಗೆದ್ದದ್ದು ಸಾಕೋ. ಗೆದ್ದ ಮ್ಯಾಲ ಏನ್ ಮಾಡಿದಾ, ಅದನ್ನ ಹೇಳು."

ಅಶೋಕ ಬಂದ, ಪುಲಿಕೇಶಿ ಬಂದ, ರಾಜರಾಜ ಚೋಳ ಬಂದ, ಅಕ್ಬರ್ ಬಂದ, ಕಿತ್ತೂರ ಚೆನ್ನಮ್ಮ ಬಂದಳು. ಶಿವಾಜಿ ಮೊದಲೋ ಕೃಷ್ಣದೇವರಾಯ ಮೊದಲೋ ಎಂದು ಎರಡು ದಿನ ಜಗಳವಾಗಿ ಕೊನೆಗೆ ಇಬ್ಬರೂ ಬಂದರು. ಒಂದೇ ಕಾಯಿ ಉಳಿಯಿತು.

ನಾನು ಎದ್ದು ಅಮೋಘವರ್ಷನ ಹೆಸರು ಹೇಳಿದೆ. ಅವನು ರಾಜ್ಯವನ್ನೇ ಬಿಟ್ಟುಕೊಟ್ಟು ಹೋದ ಕತೆಯನ್ನು ಅಜ್ಜಿ ಬಸದಿಯಲ್ಲಿ ಕೇಳಿ ಬಂದು ನನಗೆ ಹೇಳಿದ್ದಳು.

"ಯವ್ವಾ, ಇದು ರಾಜ್ಯ ಗೆಲ್ಲೂ ಆಟ. ಬಿಟ್ಟ ಹೋದಾವನ್ನ ತಗೊಂಡು ಏನ್ ಮಾಡೂದು?" ಎಂದು ಸರ್ ನಕ್ಕರು. ಅವರು ನಕ್ಕದ್ದಕ್ಕೆ ಇಡೀ ವರ್ಗ ನಕ್ಕಿತು. ನಾನು ಕೂತುಬಿಟ್ಟೆ. ಆ ವಾರವೆಲ್ಲ ಅವರ ತಾಸಿನಲ್ಲಿ ಬಾಯಿ ಬಿಡಲಿಲ್ಲ. ಪ್ರಶ್ನೆ ಕೇಳಿದರೂ ತಲೆ ತಗ್ಗಿಸಿ ನಿಂತೆ.

ಆ ರವಿವಾರ ಸರ್ ಗೋಕಾಕಕ್ಕೆ ಹೋಗಲಿಲ್ಲ. ಬಿಸಿಲಲ್ಲಿ ನಡೆದುಕೊಂಡು ನಮ್ಮ ತೋಟದ ಮನೆಗೆ ಬಂದರು. ಅಪ್ಪ ಗಾಬರಿಯಾದರು.

"ಬರ್ರಿ ಸರ, ಕುಂದರ್ರಿ. ಏನ್ ಮಾಡ್ಯಾಳ್ರಿ ಇಕಿ?"

"ಆಕಿ ಏನೂ ಮಾಡಿಲ್ರಿ. ತಪ್ಪು ನಂದೈತಿ. ಹುಡುಗಿ ಖರೆ ಮಾತು ಹೇಳಿದ್ಲು, ನಾ ನಕ್ಕಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿದರು. "ಗೆದ್ದ ಮ್ಯಾಲ ಏನ್ ಮಾಡಿದಾ ಅಂತ ಕೇಳಾವ ನಾನ. ನೀ ಅದನ್ನ ಹೇಳಿದಿ ತಂಗಿ. ನನಗ ತಿಳೀಲಿಲ್ಲ."

ಅಜ್ಜಿ ಚಹಾ ತಂದಿಟ್ಟಳು.

"ಈಗ ಅವನ ಶಕ್ತಿ ಏನು, ನೀನ ಹೇಳು," ಎಂದರು ಸರ್.

ನಾನು ಅಜ್ಜಿಯ ಕಡೆ ಒಮ್ಮೆ ನೋಡಿ ಹೇಳಿದೆ. "ತನ್ನ ಸೀಮಿ ಎಲ್ಲಾ ಸೋಲಾಕತ್ತವರಿಗೆ ಕೊಟ್ಟಬಿಡಬಹುದ್ರಿ."

"ಕೊಟ್ರ ಅವಗ ಏನ್ ಸಿಗತೈತಿ?"

"ಏನೂ ಇಲ್ರಿ."

ಸರ್ ಚಹಾ ಮುಗಿಸಿ ಬಸಿ ಕೆಳಗಿಟ್ಟರು. "ಇರ್ಲಿ," ಎಂದರು ಕೊನೆಗೆ. "ಹಂಗ ಇರ್ಲಿ."

ಆಟ ಶುರುವಾದಾಗ ಅಮೋಘವರ್ಷನನ್ನು ಯಾರೂ ಮುಟ್ಟಲಿಲ್ಲ. ನಾನೇ ಹಿಡಿದೆ. ಮೂರನೆಯ ಸಲ ಆಡುವಾಗ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು, ವರ್ಗದಲ್ಲಿ ದನಿಯೇ ಕೇಳಿಸದವಳು, ಒಂದೇ ಸೀಮೆ ಉಳಿಸಿಕೊಂಡು ಕೂತಿದ್ದಳು. ನನ್ನ ಹತ್ತಿರ ಒಂಬತ್ತಿದ್ದವು.

"ಎಲ್ಲಾ ಆಕಿಗ್ರಿ ಸರ," ಎಂದುಬಿಟ್ಟೆ.

ಅವಳು ಆ ಆಟ ಗೆದ್ದಳು. ನಂಬಿಕೆ ಬಾರದೆ, "ನಾ ಗೆದ್ನೇನ್ರಿ ಸರ?" ಎಂದು ಮೂರು ಸಲ ಕೇಳಿದಳು. ಸರ್ ಮೂರು ಸಲವೂ "ಹೂಂ ಯವ್ವಾ, ನೀನ ಗೆದ್ದಿ" ಎಂದರು.

ನಿವೃತ್ತರಾದ ಮರುವರ್ಷವೇ ಸರ್ ತೀರಿಕೊಂಡರು. ನಾನಾಗ ಬೆಳಗಾವಿಯಲ್ಲಿ ಬಿ.ಎಡ್. ಓದುತ್ತಿದ್ದೆ, ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಸಂಕೇಶ್ವರದಲ್ಲಿ ನಾನೂ ಇತಿಹಾಸ ಕಲಿಸುತ್ತೇನೆ. ಪಾಠ ಹೇಳುವುದನ್ನು ಅನೇಕರಿಂದ ಕಲಿತಿದ್ದೇನೆ. ತಪ್ಪಾದಾಗ ಮಕ್ಕಳ ಎದುರು ನಿಂತು ಒಪ್ಪಿಕೊಳ್ಳುವುದನ್ನು ಮಾತ್ರ ಅವರೊಬ್ಬರಿಂದಲೇ ಕಲಿತೆ. ಇಷ್ಟು ವರ್ಷಗಳಾದರೂ ಪ್ರತಿ ಸಲ ಬಾಗಿಲಿನಿಂದಲೇ ತಿರುಗಿ ಹೋಗಿಬಿಡೋಣ ಅನ್ನಿಸುತ್ತದೆ. ಅಂದು ಬಿಸಿಲಲ್ಲಿ ನಡೆದು ಬರುವಾಗ ಅವರಿಗೂ ಅನ್ನಿಸಿರಬೇಕು.