ಅತ್ತೆಗೆ ಓದಿ ಹೇಳುವ ಸೊಸೆ

ನಾವು ದೀಪಾವಳಿ ವಿಶೇಷಾಂಕಗಳ ಕಟ್ಟು ಕಟ್ಟುತ್ತಿದ್ದಾಗ, ಪುಣೆಯ ಕೋಥರೂಡದ ನಮ್ಮ ಪುಟ್ಟ ಕನ್ನಡ ಪ್ರಕಾಶನಕ್ಕೆ ಬಂದ ಹೆಣ್ಣುಮಗಳೊಬ್ಬರು ಒಂದು ಪ್ರತಿ ತೆಗೆದು, ಅಕ್ಷರಗಳ ಮೇಲೆ ಬೆರಳಿಟ್ಟು, ತಡವರಿಸುತ್ತಾ ಗಟ್ಟಿಯಾಗಿ ಓದತೊಡಗಿದರು. ನಾನೂ ಹೆಂಡತಿಯೂ ಕೆಲಸ ಬಿಟ್ಟು ಕೇಳಿದೆವು.

“ಕನ್ನಡ ಎಲ್ಲಿ ಕಲತ್ರಿ?” ಎಂದಳು ಹೆಂಡತಿ.

“ನಾನು ಮರಾಠಿರಿ. ಮಾತು ಅತ್ತಿಯವರಿಂದ ಕಲತೆ, ಅಕ್ಷರ ನೀವು ಹೊರಗ ತಂದ ಮಕ್ಕಳ ಪುಸ್ತಕದಿಂದ. ಅತ್ತಿಯವರಿಗೆ ಈಗ ಕಣ್ಣು ಕಾಣಂಗಿಲ್ಲ. ಈ ಹಬ್ಬಕ್ಕ ದೊಡ್ಡವರ ಕಥಿ ಓದಿ ಹೇಳಬೇಕಂತ ಬಂದೇನಿ.”

ಹೆಂಡತಿಯ ಮುಖ ಅರಳಿತು. ಇಲ್ಲಿ ಯಾರು ಓದುತ್ತಾರೆಂದು ನಾನು ಬೇಡವೆಂದರೂ ಆ ಮಕ್ಕಳ ಪುಸ್ತಕವನ್ನು ಹಟ ಹಿಡಿದು ಅಚ್ಚು ಹಾಕಿಸಿದ್ದವಳು ಅವಳೇ.

ಪುಣೆಯಲ್ಲಿ ಕನ್ನಡ ಪುಸ್ತಕ ಯಾರು ಓದುತ್ತಾರೆಂದು ಜನ ಈಗಲೂ ಕೇಳುತ್ತಾರೆ. ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ಆ ಅತ್ತೆ ಸೊಸೆಯ ಸುದ್ದಿ ಹೇಳತೊಡಗುತ್ತೇನೆ.