ಅತ್ತೆಯ ಬೆನ್ನು

ತಾಳವಾಡಿ ಬೆಟ್ಟದ ನಮ್ಮ ಸೋಲಿಗರ ಪೋಡಿನ ಮನೆಗಳಿಗೆ ಬಿದಿರಿನ ತಡಿಕೆಯೇ ಗೋಡೆ. ಒರಗಿದರೆ ಸಿಬಿರು ಚುಚ್ಚುತ್ತದೆ. ಅದಕ್ಕೇ ನಾನು ಮಗುವಿಗೆ ಹಾಲು ಕೊಡಲು ಕೂತಾಗಲೆಲ್ಲ ಅತ್ತೆ ಹಿಂದೆ ಬಂದು, ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

"ಒರಗ್ಕೊ ಕಣಮ್ಮಿ, ನಾನಿವ್ನಿ." ಅಷ್ಟೇ ಮಾತು.

ಸೌದೆ ಹೊತ್ತು ಹೊತ್ತು ಗಟ್ಟಿಯಾದ ಬೆನ್ನು ಅದು. ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುವಳು. ಕೈ ಆಡಿದರೂ ಬೆನ್ನು ಅಲುಗುತ್ತಿರಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿದರೂ, ಮಗು ತಾನಾಗಿ ಮೊಲೆ ಬಿಡುವವರೆಗೆ ಏಳುತ್ತಿರಲಿಲ್ಲ.

ಪೋಡಿಗೆ ಸೋಲಾರ್ ದೀಪ ಬಂದ ವರ್ಷ, ಮಳೆಗಾಲದಲ್ಲಿ, ಮಗು ಜ್ವರದಿಂದ ತೀರಿಹೋಯಿತು. ಮಣ್ಣು ಮಾಡಿದ ಮರುದಿನ ಬೆಳಗ್ಗೆ ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿತ್ತು. ರವಿಕೆ ನೆನೆದು ಸೀರೆಗೂ ಇಳಿಯುತ್ತಿತ್ತು. ಏನೂ ತೋಚದೆ, ದಿನಾ ಕೂರುತ್ತಿದ್ದ ಜಾಗಕ್ಕೇ ಹೋಗಿ ಬರಿಮಡಿಲಲ್ಲಿ ಕೂತೆ.

ಅತ್ತೆ ಬಂದಳು. ಮೊರ ತರಲಿಲ್ಲ. ಎಂದಿನಂತೆ ಬೆನ್ನಿಗೆ ಬೆನ್ನು ಕೊಟ್ಟು ಕೂತು, "ಒರಗ್ಕೊ ಕಣಮ್ಮಿ, ನಾನಿವ್ನಿ" ಅಂದಳು.

"ಈ ಆಲು ಇನ್ಯಾರ್ಗೆ, ಅತ್ತೆ?" ಅಂದೆ.

ನಾನು ಒರಗಿದೆ.

ಆ ಬೆನ್ನು ಅಲುಗುತ್ತಿತ್ತು.